ಬಿಡುವವರ ಸಭೆ ಎಲ್ಲುಂಟು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ. ಮಾತನಾಡಿದವರ ಅಪೇಕ್ಷೆಯಂತೆ ಹೆಸರು ಪ್ರಕಟಿಸಿಲ್ಲ. – ಸಂ.)



ಬೆಳ್ಳಿಹಬ್ಬ ಎಂದರೆ ಠೇವಣಿ ಎಷ್ಟಾಯಿತು, ಗೊಬ್ಬರ ಎಷ್ಟು ಲೋಡು ಬಂತು, ಲಾಭಾಂಶ ಎಷ್ಟು ಹಂಚಿದೆವು ಎಂಬ ಮಾತು ಬರುವುದು ವಾಡಿಕೆ. ಅದನ್ನೆಲ್ಲ ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಮಗೆ ಕೊಟ್ಟ ವಿಷಯ ಬೇರೆ. ಆಮಂತ್ರಣ ಪತ್ರಿಕೆಯಲ್ಲಿ ‘ಆರೋಗ್ಯ ಮಾಹಿತಿ’ ಎಂದು ಅಚ್ಚಾಗಿದೆ. ಹಾಗೆ ಹಾಕಿದ್ದು ನಮ್ಮ ಸಲಹೆಯಂತೆಯೇ. ‘ಕುಡಿತ ಬಿಡುವವರ ಸಭೆ’ ಎಂದು ಹಾಕಿದ್ದರೆ ಈ ಕುರ್ಚಿಗಳಲ್ಲಿ ಅರ್ಧ ಖಾಲಿ ಇರುತ್ತಿದ್ದವು. ಕುಡಿಯದವರು ಇದು ನಮಗಲ್ಲ ಎಂದು ಎದ್ದು ಚಾಕ್ಕೆ ಹೋಗುತ್ತಿದ್ದರು. ಕುಡಿಯುವವರು ಬಂದರೆ ಯಾರಾದರೂ ನೋಡಿಯಾರು ಎಂದು ಬರುತ್ತಲೇ ಇರಲಿಲ್ಲ.

ನಾವು ಎಂದರೆ ಯಾರು ಎಂದು ಮೊದಲು ಹೇಳಿಬಿಡುತ್ತೇವೆ. ನಾವು ಒಂದು ಕಾಲದಲ್ಲಿ ಕುಡಿಯುತ್ತಿದ್ದವರು, ಈಗ ಕುಡಿಯದೆ ಇರುವವರು. ವಾರಕ್ಕೊಮ್ಮೆ ಸೇರುತ್ತೇವೆ. ಒಮ್ಮೆ ಹತ್ತೊಂಬತ್ತು ಮಂದಿ ಇದ್ದೆವು, ಒಮ್ಮೆ ಇಬ್ಬರೇ ಇದ್ದೆವು, ಸದ್ಯಕ್ಕೆ ಏಳು ಮಂದಿ. ಅವರೆಲ್ಲರ ಪರವಾಗಿ ಒಬ್ಬರನ್ನು ಮೈಕಿನ ಮುಂದೆ ನಿಲ್ಲಿಸಿದ್ದಾರೆ. ಇಲ್ಲಿ ನಿಂತದ್ದರಿಂದ ಒಬ್ಬರ ಗುಟ್ಟು ಹೋಯಿತು, ಉಳಿದ ಆರು ಮಂದಿಯದ್ದು ಹಾಗೇ ಉಂಟು. ಹೋದ ಗುಟ್ಟಿಗೆ ಮನೆಯವರ ಮತ್ತು ಮಕ್ಕಳ ಒಪ್ಪಿಗೆ ಕೇಳಿಯೇ ಬಂದಿದ್ದೇವೆ.

ನಮ್ಮ ಒಂದು ತಪ್ಪನ್ನು ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. 2020ರ ಫೆಬ್ರವರಿ ತಿಂಗಳು. ಸಂಘದ ಜಗಲಿಯಲ್ಲಿ ಅಡಿಕೆ ತಂದವರು, ಗೊಬ್ಬರಕ್ಕೆ ಬಂದವರು ಹತ್ತು ಹನ್ನೆರಡು ಜನ ಕೂತಿದ್ದೆವು. ನಮ್ಮ ಸದಸ್ಯರೊಬ್ಬರು, ನಿಮಗೆಲ್ಲರಿಗೂ ಬೇಕಾದವರೇ, ಬೆಳಿಗ್ಗೆ ಹತ್ತು ಗಂಟೆಗೇ ಸ್ವಲ್ಪ ಹಾಕಿಕೊಂಡು ಬಂದಿದ್ದರು. ಮೆಟ್ಟಿಲಲ್ಲಿ ಕೂತು, “ಈ ಕುಡಿಯುವುದು ಬಿಡುವವರ ಸಭೆ ಅಂತ ಒಂದು ಉಂಟಂತಲ್ಲ ಮಾರಾಯ್ರೇ, ಅದು ಎಲ್ಲುಂಟು?” ಎಂದು ಕೇಳಿದರು. ಜಗಲಿಗೆ ಜಗಲಿಯೇ ನಗಾಡಿತು. “ಬಾರಿನ ಹಿಂದಿನ ಬಾಗಿಲಲ್ಲಿ ಕೇಳಿ” ಎಂದು ಒಬ್ಬರು ಹೇಳಿದರು. ಅವರೂ ನಕ್ಕು ಎದ್ದು ಹೋದರು.

ಆ ಜಗಲಿಯಲ್ಲಿ ನಮ್ಮವರು ಇಬ್ಬರಿದ್ದೆವು. ಸಭೆ ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಎಂದು ನಮಗೆ ಗೊತ್ತಿತ್ತು. ಆಗ ನಾವು ನಾಲ್ಕು ಮಂದಿ ಒಬ್ಬರ ಮನೆಯ ಹಿಂದೆ, ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ಪಕ್ಕದಲ್ಲಿ ಸೇರುತ್ತಿದ್ದೆವು. ಅಲ್ಲಿಂದ ಆ ಜಗಲಿಗೆ ಎರಡು ಕಿಲೋಮೀಟರ್ ಇಲ್ಲ. ಆದರೆ ಹೇಳಿದರೆ ‘ನಿಮಗೆ ಹೇಗೆ ಗೊತ್ತು’ ಎಂಬ ಪ್ರಶ್ನೆ ಬರುತ್ತಿತ್ತಲ್ಲ. ಹಾಗಾಗಿ ನಾವೂ ನಕ್ಕೆವು.

ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು, ಮದ್ಯದಂಗಡಿಗಳು ಮುಚ್ಚಿದವು. ಕರ್ನಾಟಕದಲ್ಲಿ ಅವು ಪುನಃ ತೆರೆದದ್ದು ಮೇ 4ಕ್ಕೆ. ನಡುವಿನ ನಲವತ್ತು ದಿನಗಳಲ್ಲಿ ಊರೂರಿನಲ್ಲಿ ಏನೇನಾಯಿತು ಎಂದು ಪೇಪರಿನಲ್ಲಿ ಓದಿದ್ದೀರಿ. ನಮ್ಮ ಆ ಸದಸ್ಯರಿಗೆ ಕುಡಿತ ತಪ್ಪಿದ ಎರಡನೆಯ ದಿನ ಫಿಟ್ಸು ಬಂತು. ಮೂರನೆಯ ದಿನ ಗೋಡೆಯಲ್ಲಿ ಹಾವು ಹರಿಯುತ್ತದೆ ಎಂದು ಕೂಗಾಡಿದರು. ಮನೆಯವರು ಗಾಳಿ ಸೋಕಿತೆಂದು ತಿಳಿದು ನೂಲು ಕಟ್ಟಿಸಿದರು. ಆಸ್ಪತ್ರೆಗೆ ಹೊರಡಿಸುವಾಗ ತಡವಾಗಿತ್ತು.

ಅವರನ್ನು ಕೊಂದದ್ದು ಕುಡಿತವೋ, ಕುಡಿತ ತಪ್ಪಿದ್ದೋ, ನಮ್ಮ ನಗುವೋ ಎಂಬ ಲೆಕ್ಕ ನಮಗೆ ಈಗಲೂ ಸರಿಹೊಂದಿಲ್ಲ. ಇವತ್ತು ಈ ವೇದಿಕೆಗೆ ಬಂದದ್ದು ಆ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಹೇಳುವುದಕ್ಕೆ.

ಅದು ಎಲ್ಲುಂಟು ಎಂದು ಹುಡುಕಿದವರಲ್ಲಿ ಆ ಸದಸ್ಯರು ಮೊದಲಿನವರಲ್ಲ. ಅಮೇರಿಕದಲ್ಲಿ 1935ರಲ್ಲಿ ಬಿಲ್ ಎಂಬ ಷೇರು ವ್ಯಾಪಾರದವನೊಬ್ಬ ಆಕ್ರನ್ ಎಂಬ ಪಟ್ಟಣಕ್ಕೆ ವ್ಯವಹಾರಕ್ಕೆಂದು ಹೋದ. ವ್ಯವಹಾರ ಕೈಕೊಟ್ಟಿತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋಟೆಲಿನ ಹಜಾರದಲ್ಲಿ ಒಂದು ತುದಿಗೆ ಬಾರು, ಅಲ್ಲಿಂದ ಗಮ್ಮತ್ತಿನ ಶಬ್ದ ಕೇಳುತ್ತಿತ್ತು. ಇನ್ನೊಂದು ತುದಿಗೆ ಟೆಲಿಫೋನು, ಅದರ ಹತ್ತಿರ ಊರಿನ ಚರ್ಚುಗಳ ಪಟ್ಟಿ. ಈ ಮನುಷ್ಯ ಬಾರಿಗೆ ಹೋಗದೆ ಫೋನಿಗೆ ಹೋಗಿ, ನನ್ನ ಹಾಗೆ ಕುಡಿತದ ಕಾಯಿಲೆ ಇರುವವರು ಈ ಊರಲ್ಲಿ ಯಾರಾದರೂ ಇದ್ದಾರಾ, ಅವರೊಡನೆ ಮಾತಾಡಬೇಕಿತ್ತು ಎಂದು ಕೇಳಿದ. ಹಾಗೆ ಕೈದಾಟಿ ಕೈದಾಟಿ ಬಾಬ್ ಎಂಬ ಡಾಕ್ಟರರ ಪರಿಚಯವಾಯಿತು. ಅವರು ಶಸ್ತ್ರಚಿಕಿತ್ಸೆಯ ಡಾಕ್ಟರು, ಕುಡಿತದಿಂದ ಕೈ ನಡುಗುತ್ತಿತ್ತು. ಕಾಲು ಗಂಟೆ ಮಾತ್ರ ಕೂರುತ್ತೇನೆ ಎಂದು ಬಂದವರು ಐದಾರು ಗಂಟೆ ಕೂತರು. ಆ ಡಾಕ್ಟರು ಕೊನೆಯ ಸಲ ಕುಡಿದ 1935ರ ಜೂನ್ 10ನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ನಾವು ಎ.ಎ. ಎಂದು ಕರೆಯುವ ಕೂಟ, ತನ್ನ ಹುಟ್ಟಿದ ದಿನ ಎಂದು ಲೆಕ್ಕ ಹಾಕುತ್ತದೆ. ಭಾರತಕ್ಕೆ ಅದು 1957ರಲ್ಲಿ ಬಂತು. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಇನ್ನೊಂದು ಕೂಟ ಉಂಟು. ಅದನ್ನು ಶುರು ಮಾಡಿದವರಲ್ಲಿ ಬಿಲ್ಲನ ಹೆಂಡತಿ ಲೋಯಿಸ್ ಒಬ್ಬರು, 1951ರಲ್ಲಿ.

ನಮ್ಮಲ್ಲಿ ಮೊದಲಿನವರು ಹುಡುಕಿದ ಕಥೆ ಇಷ್ಟು ದೊಡ್ಡದಲ್ಲ. ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಂದು ಇಪ್ಪತ್ತು ಕ್ವಿಂಟಾಲ್ ಆಗುತ್ತಿದ್ದಲ್ಲಿ ನಾಲ್ಕಕ್ಕೆ ಇಳಿದ ಮನೆಗಳು ಸಂಪಾಜೆ, ಅರಂತೋಡು ಕಡೆ ಎಷ್ಟುಂಟು ಎಂದು ನಿಮಗೆ ಗೊತ್ತು. ಅವರದ್ದೂ ಅಂಥದ್ದೇ ಮನೆ. ರೋಗ ಬಂದದ್ದರಿಂದ ಕುಡಿದದ್ದು ಎಂದು ಅವರು ಹೇಳುತ್ತಿದ್ದರು. ತೋಟ ಚೆನ್ನಾಗಿದ್ದಾಗಲೂ ಕುಡಿಯುತ್ತಿದ್ದರು ಎಂದು ಅವರ ಹೆಂಡತಿ ಹೇಳುತ್ತಿದ್ದರು. ಹೆಂಡತಿ ಹೇಳಿದ್ದೇ ಸರಿ. ಆಕೆಯೇ ಯಾರನ್ನೋ ವಿಚಾರಿಸಿ ಮಂಗಳೂರಿನಲ್ಲಿ ಸಭೆ ನಡೆಯುತ್ತದೆ ಎಂದು ತಿಳಿದುಕೊಂಡದ್ದು. ಇಲ್ಲಿಂದ ಮಂಗಳೂರಿಗೆ ನೂರು ಕಿಲೋಮೀಟರ್ ಮೇಲೆ, ಬಸ್ಸಿನಲ್ಲಿ ಮೂರು ಗಂಟೆ ದಾರಿ. ಯಜಮಾನರು ಹೋದರು. ಗೇಟಿನಲ್ಲಿ ಬೋರ್ಡು ಇತ್ತು, ಎರಡೇ ಅಕ್ಷರ. ಬೀದಿಯಲ್ಲಿ ಮೂರು ಸಲ ಆಚೆ ಈಚೆ ನಡೆದರು. ನಾಲ್ಕನೆಯ ಸಲ ಬಸ್‌ಸ್ಟ್ಯಾಂಡಿಗೆ ನಡೆದು, ಅಲ್ಲೇ ಹತ್ತಿರ ಕುಡಿದು, ಕೊನೆಯ ಬಸ್ಸಿಗೆ ಮನೆಗೆ ಬಂದರು. ಮನೆಯಲ್ಲಿ ‘ಬೋರ್ಡೇ ಇರಲಿಲ್ಲ’ ಎಂದರು. ಮುಂದಿನ ವಾರ ಹೆಂಡತಿ ಒಟ್ಟಿಗೆ ಹೊರಟರು, ಗೇಟಿನ ಹೊರಗೆ ಎರಡು ಗಂಟೆ ನಿಂತರು.

ಒಳಗೆ ಏನಿತ್ತು? ಇಪ್ಪತ್ತು ಕುರ್ಚಿ, ಒಂದು ಮೇಜು, ಚಾ. ಫೀಸಿಲ್ಲ, ರಿಜಿಸ್ಟರಿಲ್ಲ, ಜಾತಿ ಕೇಳುವವರಿಲ್ಲ. ಕುಡಿತ ಬಿಡಬೇಕು ಎಂಬ ಮನಸ್ಸು ಇದ್ದರೆ ಸದಸ್ಯತ್ವ ಸಿಕ್ಕಿದ ಹಾಗೆ. ಕೊನೆಗೆ ಒಂದು ಡಬ್ಬಿ ತಿರುಗಿಸುತ್ತಾರೆ, ಇದ್ದವರು ಹಾಕುತ್ತಾರೆ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಒಬ್ಬೊಬ್ಬರೇ ಎದ್ದು ತಮ್ಮ ಹೆಸರು ಮಾತ್ರ ಹೇಳಿ ತಮ್ಮ ಕಥೆ ಹೇಳುತ್ತಾರೆ. ಉಪದೇಶ ಇಲ್ಲ, ಮಧ್ಯೆ ಬಾಯಿ ಹಾಕುವುದಿಲ್ಲ. ನಮ್ಮವರು ಮೊದಲ ದಿನ ಮಾತಾಡಲಿಲ್ಲ. ಒಬ್ಬರು ಬ್ಯಾಂಕಿನ ನೌಕರರು ಎದ್ದು, ಹೆಂಡತಿಯ ಬಳೆ ಅಡವಿಟ್ಟದ್ದನ್ನೂ ಬಿಡಿಸಿದ್ದೇನೆಂದು ಸುಳ್ಳು ಹೇಳಿದ್ದನ್ನೂ ಹೇಳಿದರಂತೆ. ‘ನನ್ನ ಕಥೆ ಇವನಿಗೆ ಯಾರು ಹೇಳಿದ್ದು’ ಎಂದು ನಮ್ಮವರಿಗೆ ಆಯಿತಂತೆ. ಆ ಮೇಲೆ ಎರಡು ವರ್ಷ ತಿಂಗಳಿಗೆ ಎರಡು ಸಲ ಮಂಗಳೂರಿಗೆ ಹೋದರು. ಊರಲ್ಲಿ ಕೇಳಿದವರಿಗೆ ಕಣ್ಣಿನ ಮದ್ದಿಗೆ ಎಂದು ಹೇಳುತ್ತಿದ್ದರು.

ಎಲ್ಲರಿಗೂ ಮಂಗಳೂರು ಆಗುವುದಿಲ್ಲ. ನಮ್ಮ ಪೈಕಿ ಇಬ್ಬರು ಧರ್ಮಸ್ಥಳದ ದಾರಿಯಲ್ಲಿ ಬಂದವರು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯನ್ನು ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭಿಸಿದರು. ಅದರ ಜೊತೆಗೆ ಬೆಳೆದ ಜನಜಾಗೃತಿ ವೇದಿಕೆ ರಾಜ್ಯದ ಉದ್ದಗಲ ಸಾವಿರಕ್ಕೂ ಮಿಕ್ಕಿ ಮದ್ಯವರ್ಜನ ಶಿಬಿರ ನಡೆಸಿದೆ. ಊರಿನವರೇ ಸಮಿತಿ ಮಾಡಿ, ಸಭಾಭವನದಲ್ಲಿ ಎಂಟು ದಿನ ಶಿಬಿರಾರ್ಥಿಗಳನ್ನು ಇರಿಸಿಕೊಂಡು, ಊಟ, ಯೋಗ, ಭಜನೆ, ಸಲಹೆ ಎಲ್ಲ ನಡೆಯುತ್ತದೆ, ಮನೆಯವರನ್ನೂ ಕರೆಸುತ್ತಾರೆ. ಶಿಬಿರದ ಬಗ್ಗೆ ಎಲ್ಲರಿಗೂ ಗೊತ್ತು, ಕೊನೆಯ ದಿನದ ಫೋಟೋ ಪೇಪರಿನಲ್ಲಿ ಬರುತ್ತದೆ. ಒಂಬತ್ತನೆಯ ದಿನದ ಬಗ್ಗೆ ಗೊತ್ತಿರುವವರು ಕಡಿಮೆ. ಒಂಬತ್ತನೆಯ ದಿನ ಮನುಷ್ಯ ಅದೇ ಬಸ್ಸಿಳಿದು ಅದೇ ಬಾರಿನ ಎದುರಿನಿಂದ ಅದೇ ಮನೆಗೆ ನಡೆಯಬೇಕು. ಅದಕ್ಕೆಂದೇ ನವಜೀವನ ಸಮಿತಿ ಎಂದು ಮಾಡಿದ್ದಾರೆ, ಬಿಟ್ಟವರು ತಮ್ಮ ತಮ್ಮ ಊರಲ್ಲಿ ಸೇರುವ ಕೂಟ. ನಮ್ಮವರಲ್ಲಿ ಒಬ್ಬರು ಶಿಬಿರ ಮುಗಿಸಿ ಸಮಿತಿಗೆ ಹೋಗದೆ ಇದ್ದರು, ಮೂರು ತಿಂಗಳಲ್ಲಿ ಪುನಃ ಹಿಡಿಯಿತು. ಎರಡನೆಯ ಸಲ ಶಿಬಿರಕ್ಕೂ ಹೋದರು, ಸಮಿತಿಗೂ ಹೋದರು. ಭಜನೆ ನಮಗೆ ಒಗ್ಗೀತಾ ಎಂದು ನಮ್ಮ ಮುಸ್ಲಿಂ, ಕ್ರೈಸ್ತ ಬಂಧುಗಳು ಕೇಳುವುದುಂಟು. ಶಿಬಿರಕ್ಕೆ ಎಲ್ಲ ಜಾತಿಮತದವರೂ ಸೇರುತ್ತಾರೆ. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ಎರಡರಲ್ಲಿ ಯಾವುದು ಮೇಲೆಂದು ನಮ್ಮಲ್ಲೇ ಚರ್ಚೆ ಮುಗಿದಿಲ್ಲ. ಯಾವುದು ಹತ್ತಿರ ಸಿಗುತ್ತದೋ ಅದಕ್ಕೆ ಮೊದಲು ಹೋಗುವುದು ಎಂಬಲ್ಲಿಗೆ ನಿಲ್ಲಿಸಿದ್ದೇವೆ.

ಈಗ ತಾಯಂದಿರು ಸ್ವಲ್ಪ ಕೇಳಬೇಕು. ಸಭೆಗೆ ಬರುವ ಮೊದಲು ಡಾಕ್ಟರಲ್ಲಿಗೆ ಹೋಗಬೇಕಾದವರು ಇದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಬೇಕು, ಕುಡಿಯದಿದ್ದರೆ ಕೈ ನಡುಗುತ್ತದೆ ಎನ್ನುವವರು ತಟ್ಟನೆ ನಿಲ್ಲಿಸಬಾರದು. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನಗಳೊಳಗೆ ಫಿಟ್ಸು ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಸನ್ನಿ ಹಿಡಿದ ಹಾಗೆ ಇಲ್ಲದ್ದು ಕಾಣಬಹುದು, ಕೇಳಬಹುದು. ಅದು ಗಾಳಿಯಲ್ಲ, ದೈವದ ಉಪದ್ರವವೂ ಅಲ್ಲ. ಅದಕ್ಕೆ ಮಾತ್ರೆ ಉಂಟು, ಬಿ-1 ಜೀವಸತ್ವದ ಇಂಜೆಕ್ಷನ್ ಉಂಟು, ಕೆಲವು ದಿನ ಆಸ್ಪತ್ರೆಯಲ್ಲಿದ್ದರೆ ಇಳಿಯುತ್ತದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿನದ್ದು, ಸುಳ್ಯದಲ್ಲಿ ಕೆ.ವಿ.ಜಿ. ಮೆಡಿಕಲ್ ಕಾಲೇಜು ಉಂಟು, ಎರಡು ಕಡೆಯೂ ಮಾನಸಿಕ ವಿಭಾಗದಲ್ಲಿ ಇದನ್ನು ನೋಡುತ್ತಾರೆ. ನಮ್ಮ ಸಂಪಾಜೆ ಅರ್ಧ ಕೊಡಗಿಗೆ, ಅರ್ಧ ದಕ್ಷಿಣ ಕನ್ನಡಕ್ಕೆ. ಯಾವ ಜಿಲ್ಲೆಯ ಆಸ್ಪತ್ರೆ ಎಂದು ಯೋಚಿಸುತ್ತಾ ಕೂರಬೇಡಿ, ಮೊದಲು ಬಂದ ವಾಹನ ಯಾವ ಕಡೆಗೋ ಆ ಕಡೆಗೆ ಹೋಗಿ. ಮಾನಸಿಕ ವಿಭಾಗ ಎಂಬ ಬೋರ್ಡು ನೋಡಿ ಹೆದರಬೇಕಾಗಿಲ್ಲ, ನಾವೆಲ್ಲ ಅಲ್ಲಿ ಕೂತು ಬಂದವರೇ.

ಇನ್ನೊಂದು. ‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ’ ಎಂಬ ಜಾಹೀರಾತು ನಂಬಿ ಪುಡಿ, ಮಾತ್ರೆ ತಂದು ಸಾರಿಗೆ ಹಾಕುವವರು ಇದ್ದಾರೆ. ಮಾಡಬೇಡಿ. ಡೈಸಲ್ಫಿರಾಂ ಎಂಬ ಮಾತ್ರೆ ಉಂಟು, ಒಳ್ಳೆಯ ಮಾತ್ರೆಯೇ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿ.ಪಿ. ಇಳಿಯುತ್ತದೆ. ಆ ಹೆದರಿಕೆಗೆ ಕುಡಿಯದೆ ಇರಲಿ ಎಂದೇ ಅದನ್ನು ಕೊಡುವುದು. ನುಂಗಿದ್ದೇನೆ ಎಂದು ಗೊತ್ತಿದ್ದವನಿಗೆ ಮಾತ್ರ ಅದು ಕಾವಲು. ಗೊತ್ತಿಲ್ಲದವನು ಎಂದಿನಂತೆ ಒಂದು ಕ್ವಾರ್ಟರ್ ಹಾಕಿದರೆ ಜೀವಕ್ಕೇ ಬರಬಹುದು. ಹೆಂಡತಿ ಒಳ್ಳೆಯದಕ್ಕೆಂದು ಹಾಕಿದ್ದು ಆಮೇಲೆ ಪೊಲೀಸ್ ಕೇಸಿನವರೆಗೆ ಹೋದೀತು.

ಬಿಟ್ಟ ಮೇಲೆ ಊರಲ್ಲಿ ಬದುಕುವುದು ಹೇಗೆ ಎಂಬುದೇ ನಮ್ಮ ಸಭೆಯ ಮುಕ್ಕಾಲು ಪಾಲು ಮಾತು. ಆಟಿಯ ಮಳೆಗೆ ಬೇಕು, ಮಾಗಿಯ ಚಳಿಗೆ ಬೇಕು, ಬೋರ್ಡೋ ಮದ್ದು ಬಿಟ್ಟು ಮೈ ಒದ್ದೆಯಾದರೆ ಬೇಕು, ಅಡಿಕೆಯ ಹಣ ಕೈಗೆ ಬಂದರೆ ಬೇಕೇ ಬೇಕು. ಮದುವೆ ಮನೆಯಲ್ಲಿ ‘ಒಂದು ಸಣ್ಣದು, ನಮ್ಮ ಮರ್ಯಾದೆಗೆ’ ಎಂದು ಭಾವ ಕೈಹಿಡಿಯುತ್ತಾರೆ. ಗುರುಕಾರಣರಿಗೆ ಬಡಿಸುವ ದಿನ ಎಡೆಯಲ್ಲಿ ಮದ್ಯ ಇಡಬೇಕು, ಪ್ರಸಾದ ಎಂದು ತುಟಿಗೆ ತಾಗಿಸಬೇಕು. ನಮ್ಮಲ್ಲಿ ಒಬ್ಬರು ಕುಟುಂಬದ ಹಿರಿಯರು, ಬಡಿಸುವ ಕೆಲಸ ಅವರದ್ದೇ. ಏನು ಮಾಡುವುದು ಎಂದು ಒಂದು ಸಭೆ ಪೂರ್ತಿ ಇದೇ ಚರ್ಚೆಯಾಯಿತು. ಕೊನೆಗೆ ಅವರು ಬಡಿಸುವುದನ್ನು ತಮ್ಮನಿಗೆ ಒಪ್ಪಿಸಿ, ತಾವು ಎಡೆಯ ಮುಂದೆ ಅಡ್ಡಬಿದ್ದು, ನೀವು ಕುಡಿಯಿರಿ ಹಿರಿಯರೇ, ನನಗೆ ಅಪ್ಪಣೆ ಇಲ್ಲ ಎಂದು ಹೇಳಿಕೊಂಡರಂತೆ. ಹಿರಿಯರು ಬೇಜಾರು ಮಾಡಿದ್ದು ಇದುವರೆಗೆ ಕಂಡಿಲ್ಲ. ಬೇಜಾರು ಮಾಡಿದ್ದು ಭಾವನವರು ಮಾತ್ರ.

ಬಿದ್ದವರೂ ಇದ್ದಾರೆ. 2007ರ ಜುಲೈ 1ರಿಂದ ಸರಕಾರ ಸಾರಾಯಿ ನಿಲ್ಲಿಸಿದಾಗ ಗಡಂಗು ಮುಚ್ಚಿತು, ಇನ್ನು ಬಿಟ್ಟೇ ಬಿಡುತ್ತೇವೆ ಎಂದುಕೊಂಡೆವು. ಬಿಡಲಿಲ್ಲ, ಸಾರಾಯಿಯ ಬದಲು ಅಗ್ಗದ ವಿಸ್ಕಿಗೆ ಹೋದೆವು, ಖರ್ಚು ಹೆಚ್ಚಾಯಿತು. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಜಾರಿ ಜನ ಮನೆಮಠ ಬಿಟ್ಟು ನಮ್ಮ ಊರಿನ ನಿರಾಶ್ರಿತರ ಶಿಬಿರಗಳಿಗೆ ಬಂದರಲ್ಲ, ಆಗ ಮೂರು ವರ್ಷ ಮುಟ್ಟದೆ ಇದ್ದವರೊಬ್ಬರು ತೋಟ ಹೋದ ಸುದ್ದಿ ಕೇಳಿ ಅದೇ ರಾತ್ರಿ ಕುಡಿದರು. ಅವರು ಪುನಃ ಸಭೆಗೆ ಬರಲು ಹನ್ನೊಂದು ತಿಂಗಳು ಬೇಕಾಯಿತು. ಬಂದ ದಿನ ಯಾರೂ ‘ಎಲ್ಲಿದ್ದಿರಿ’ ಎಂದು ಕೇಳಲಿಲ್ಲ, ಚಾ ಕೊಟ್ಟೆವು. ಅಂದಿನಿಂದ ಅವರು ಪುನಃ ಒಂದನೆಯ ದಿನದಿಂದ ಎಣಿಸುತ್ತಿದ್ದಾರೆ.

ಕುಡಿಯುವ ಹೆಂಗಸರ ವಿಷಯ ಯಾರೂ ಎತ್ತುವುದಿಲ್ಲ. ಅವರೂ ಇದ್ದಾರೆ, ಅವರಿಗೆ ಸಭೆ ಇನ್ನೂ ದೂರ. ಅವರ ಮಟ್ಟಿಗೆ ನಮ್ಮ ಕೂಟ ಸೋತಿದೆ ಎಂದು ಒಪ್ಪಿಕೊಳ್ಳುತ್ತೇವೆ. ಗಂಡಸರ ಕೋಣೆಗೆ ಬನ್ನಿ ಎಂದು ಹೇಳುವ ಬಾಯಿ ನಮಗಿಲ್ಲ. ಸದ್ಯಕ್ಕೆ ಫೋನಿನ ದಾರಿ ಉಂಟು. ವ್ಯಸನಮುಕ್ತಿಗೆಂದೇ ಕೇಂದ್ರ ಸರಕಾರದ ಉಚಿತ ನಂಬರು 14446. ಮನಸ್ಸಿನ ಕಷ್ಟ ಹೇಳಿಕೊಳ್ಳಲು 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಉಂಟು, ನಂಬರು 14416, ಕನ್ನಡದಲ್ಲೇ ಮಾತಾಡಬಹುದು. ಹೆಸರು ಹೇಳಲೇಬೇಕೆಂದಿಲ್ಲ. ಗಂಡಸರಿಗೂ ಇದೇ ನಂಬರು.

ಇನ್ನು ನಮ್ಮ ಸಂಘದ ಮಾತು. ನಮ್ಮ ರಾಜ್ಯದಲ್ಲಿ ಸಹಕಾರ ಶುರುವಾದದ್ದು 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಎಂದು ಪ್ರತಿ ವಾರ್ಷಿಕ ಸಭೆಯಲ್ಲಿ ಕೇಳುತ್ತೇವೆ. ಒಬ್ಬ ರೈತನ ಸಾಲಕ್ಕೆ ನೆರೆಯವ ಜಾಮೀನು ನಿಲ್ಲುವುದರ ಮೇಲೆ ಈ ಕಟ್ಟಡ ನಿಂತಿದೆ. ನಮ್ಮಂಥವರಿಗೆ ಜಾಮೀನು ಹಾಕಲು ಯಾರು ಬರುತ್ತಾರೆ? ಬರುತ್ತಿರಲಿಲ್ಲ, ಬಾರದ್ದು ನ್ಯಾಯವೇ. ಆದರೆ 2021ರಲ್ಲಿ ನಾವು ಹೆದರಿ ಹೆದರಿ ಆಡಳಿತ ಮಂಡಳಿಗೆ ಒಂದು ಅರ್ಜಿ ಬರೆದೆವು. ಸಾಲಕ್ಕಲ್ಲ, ಗೋದಾಮಿನ ಹಿಂದಿನ ಕೋಣೆ ವಾರಕ್ಕೆ ಎರಡು ಗಂಟೆ ಕೊಡಿ ಎಂದು. ಒಬ್ಬ ನಿರ್ದೇಶಕರು, ಸಂಘಕ್ಕೆ ಕುಡುಕರ ಸಂಘ ಎಂದು ಹೆಸರು ಬಂದೀತು ಎಂದರಂತೆ. ಇನ್ನೊಬ್ಬರು, ಬಾಕಿದಾರರ ಪಟ್ಟಿ ತನ್ನಿ, ಇದರಲ್ಲಿ ಕುಡಿತದಿಂದ ಬಾಕಿಯಾದವರು ಎಷ್ಟು ಮಂದಿ ಎಂದು ಒಮ್ಮೆ ಎಣಿಸೋಣ ಎಂದರಂತೆ. ಎಣಿಸಿದ ಮೇಲೆ ನಿರ್ಣಯ ಪಾಸಾಯಿತು. ಕಾರಣ ಯಾವುದಾದರೂ ಇರಲಿ, ಕೋಣೆ ಸಿಕ್ಕಿತು, ನಾವು ಋಣಿಗಳು.

ಈ ಕೋಣೆಯೇ ಯಾಕೆ ಬೇಕಾಯಿತು ಎಂದು ಕೇಳಬಹುದು. ಮಂಗಳೂರಿನ ಆ ಗೇಟಿಗೆ ಹೋಗುವವ ಸಭೆಗೇ ಹೋಗುವವ ಎಂದು ಬೀದಿಗೇ ಗೊತ್ತು. ಹೊಗೆಮನೆಗೆ ಸಂಜೆ ನಾಲ್ಕು ಜನ ನಡೆದರೆ ನೆರೆಮನೆಗೆ ಗೊತ್ತು. ಸಂಘದ ಗೇಟಿಗಾದರೆ ಶನಿವಾರ ನೂರು ಜನ ಬರುತ್ತಾರೆ, ಗೊಬ್ಬರಕ್ಕೆ, ಅಡಿಕೆಗೆ, ಅಕ್ಕಿಗೆ, ಸಾಲದ ಕಂತಿಗೆ. ಅದರಲ್ಲಿ ಹಿಂದಿನ ಕೋಣೆಗೆ ತಿರುಗಿದವ ಯಾರು ಎಂದು ನೋಡಲು ಯಾರಿಗೆ ಪುರುಸೊತ್ತು? ಕೌಂಟರಿನಲ್ಲಿ ಬಿಲ್ ಪುಸ್ತಕದ ಪಕ್ಕ ಒಂದು ಸಣ್ಣ ಚೀಟಿಯ ಕಟ್ಟು ಇಟ್ಟಿದ್ದೇವೆ. ಅದರಲ್ಲಿ ‘ಶನಿವಾರ 4 ಗಂಟೆ, ಹಿಂದಿನ ಕೋಣೆ’ ಎಂದು ಮಾತ್ರ ಉಂಟು, ಬೇರೆ ಒಂದಕ್ಷರ ಇಲ್ಲ. ಚೀಟಿ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರು ಹೆಂಗಸರು. ಒಬ್ಬರು ಅದನ್ನು ಚಾಪುಡಿಯ ಡಬ್ಬಿಯಲ್ಲಿ ಏಳು ತಿಂಗಳು ಇಟ್ಟುಕೊಂಡಿದ್ದರಂತೆ. ಎಂಟನೆಯ ತಿಂಗಳು ಅವರ ಗಂಡ ಚೀಟಿ ಸಮೇತ ಬಂದರು, ಚೀಟಿಗೆ ಇನ್ನೂ ಚಾಪುಡಿಯ ವಾಸನೆ ಇತ್ತು.

ಸಭೆ ಕನ್ನಡದಲ್ಲಿ ಶುರುವಾಗುತ್ತದೆ. ಮುಗಿಯುವಾಗ ಅರೆಭಾಷೆಯೋ, ತುಳುವೋ, ಮಲಯಾಳವೋ, ರಬ್ಬರ್ ತೋಟದವರು ಬಂದರೆ ತಮಿಳೋ, ಹೇಳಲಿಕ್ಕೆ ಬರುವುದಿಲ್ಲ. ಮಾತಾಡಲೇಬೇಕೆಂದಿಲ್ಲ. ಆ ದಿನ ಕುಡಿದು ಬಂದವರನ್ನೂ ಹೊರಗೆ ಹಾಕುವುದಿಲ್ಲ. ಗಲಾಟೆ ಮಾಡದೆ ಕೇಳುತ್ತಾ ಕೂತರೆ ಸಾಕು. ಸದಸ್ಯರಲ್ಲಿ ಒಂದೇ ಬೇಡಿಕೆ, ಕೌಂಟರಿನಲ್ಲಿ ಯಾರಾದರೂ ಆ ಚೀಟಿಗೆ ಕೈ ಹಾಕುವಾಗ ನೀವು ಗೊಬ್ಬರದ ರೇಟು ನೋಡುತ್ತಿರಿ.

ನಾಳೆ ಶನಿವಾರ. ಬೆಳ್ಳಿಹಬ್ಬದ ಚಪ್ಪರ ಬಿಚ್ಚುವ ಗಲಾಟೆಯಲ್ಲಿ ಎದುರಿನ ದಾರಿ ಬಂದ್ ಇರುತ್ತದೆ, ಗೋದಾಮಿನ ಬಲಬದಿಯಿಂದ ಬಂದರೆ ಬಾಗಿಲು ತೆರೆದಿರುತ್ತದೆ. ಚಾ ನಮ್ಮದೇ.